ಕೇಳದೆ ಕೂತಿತು

ನಮ್ಮ ಊರಿನಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದರೆ ಹೊಲ ಎಷ್ಟಿದೆ ಎಂದು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, ಯಾವ ಪ್ರಾಣಿ ಸಾಕಿದ್ದೀರಿ ಎಂದು. ಹುಡುಗಿ ಸಿತಾರನ್ನೋ ಕೊಳಲನ್ನೋ ನುಡಿಸುವವಳಾಗಿದ್ದರೆ ಇದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತಾರೆ. ಆಕಳು ಎಂದರೆ ಎಲ್ಲರಿಗೂ ಸಮಾಧಾನ. ನಾಯಿ ಎಂದರೆ ಸ್ವಲ್ಪ ಯೋಚನೆ. ಗಿಳಿ ಎಂದ ಕೂಡಲೇ ಮಾತು ಮುರಿದು ಎದ್ದು ಬಂದವರೂ ಇದ್ದಾರೆ, ಏಕೆಂದರೆ ಗಿಳಿ ಕೂತರೂ ಬಾಯಿ ಸುಮ್ಮನಿಡುವುದಿಲ್ಲ, ತಪ್ಪಿದ ಸ್ವರವನ್ನೇ ಹಿಡಿದುಕೊಂಡು ವಾರಗಟ್ಟಲೆ ಬೀದಿಗೆಲ್ಲ ಒದರುತ್ತದೆ.

ವಾದ್ಯ ಯಾವುದೇ ಇರಲಿ, ಅದನ್ನು ಹೊಸ್ತಿಲು ದಾಟಿಸಿ ನಾಲ್ಕು ಜನರ ಮುಂದೆ ನುಡಿಸಬೇಕಾದರೆ ಮೊದಲು ಅವರವರ ಮನೆಯ ಪ್ರಾಣಿಯ ಮುಂದೆ ನುಡಿಸಬೇಕು. ಇಬ್ಬರು ಸಾಕ್ಷಿಗಳು ಬಂದು ಗೋಡೆಗೆ ಒರಗಿ ಕೂರುತ್ತಾರೆ. ನುಡಿಸುವುದು ಮುಗಿಯುವ ತನಕ ಪ್ರಾಣಿ ಕೂತೇ ಇದ್ದರೆ ಸಾಕ್ಷಿಗಳಲ್ಲಿ ಹಿರಿಯರು ಹೊಸ್ತಿಲ ಮೇಲೆ ನಿಂತು, ಬೀದಿಗೆ ಕೇಳುವಂತೆ, “ಈ ಮನೆಯದು ಕೇಳಿ ಕೂತಿತು” ಎನ್ನುತ್ತಾರೆ. ಅಷ್ಟಾದರೆ ಆಯಿತು, ಸಾಯುವ ತನಕ ಎಲ್ಲಿ ಬೇಕಾದರೂ ನುಡಿಸಬಹುದು. ನಡುವೆ ಪ್ರಾಣಿ ಎದ್ದರೆ ಸಾಕ್ಷಿಗಳು ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡುತ್ತಾರೆ. ಮತ್ತೆ ಬರುವುದು ಮುಂದಿನ ವರ್ಷ. ಪ್ರಾಣಿಯನ್ನು ಏಳದಂತೆ ಕಾಲು ಕಟ್ಟಿಯೋ ಮಂಕು ಹಿಡಿಸಿಯೋ ಕೂರಿಸಿದ್ದು ಆಮೇಲೆ ಗೊತ್ತಾದರೆ ಅದು ಸುಳ್ಳು ಸಾಕ್ಷಿ. ಆ ವಾದ್ಯಕ್ಕೆ ಹಗ್ಗ ಬಿಗಿದು ಮೂರು ವರ್ಷ ಅಟ್ಟಕ್ಕೆ ಹಾಕಬೇಕು.

ಬೇರೆ ಊರಿನವರು ಬಂದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಗಾದೆ ಹೇಳಿದರೆ ನಮ್ಮವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಮ್ಮಲ್ಲಿ ಗಾಣಿಗರ ಓಣಿಯ ಕೋಣವೊಂದು, ಯಜಮಾನ ಸಾರಂಗಿಯಲ್ಲಿ ಒಂದು ಸ್ವರ ತಪ್ಪಿದ್ದಕ್ಕೆ ಗೂಟ ಕಿತ್ತುಕೊಂಡು ಎದ್ದು ಹೋದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಹಾಡುವವರಿಗೆ ಮಾತ್ರ ಈ ನಿಯಮವಿಲ್ಲ. ಬಾಯಿಗೆ ನಿಯಮ ಹಾಕಿದರೆ ಊರು ನಡೆಯುವುದು ಹೇಗೆ?

ನನ್ನ ಹೆಸರು ಅಡಿವೆಪ್ಪ. ಹಿಟ್ಟಿನ ಗಿರಣಿ ನನ್ನ ಉದ್ಯೋಗ, ಗಿರಣಿಯ ಹಿಂದಿನ ಎರಡು ಖೋಲಿ ನನ್ನ ಮನೆ. ಮದುವೆಯಲ್ಲಿ ಮಾವನವರು, ತಮ್ಮ ಮನೆಯಲ್ಲಿ ಜಾಗ ಹಿಡಿದುಕೊಂಡಿದ್ದ ಒಂದು ಹಳೆಯ ಹಾರ್ಮೋನಿಯಂ ಕೊಟ್ಟರು. ನಾವು ಅದಕ್ಕೆ ಪೇಟಿ ಎನ್ನುತ್ತೇವೆ. ಬಹಳ ವರ್ಷ ಅದರ ಮೇಲೆ ಜೋಳದ ಚೀಲ ಇಡುತ್ತಿದ್ದೆವು. ನಲವತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ, ಗಿರಣಿ ನಿಲ್ಲಿಸಿ ಉಂಡು ಕೂತಾಗ, ಸುಮ್ಮನೆ ತೆರೆದು ಒಂದು ಮನೆ, ಅಂದರೆ ಸ್ವರದ ಪಟ್ಟಿ, ಒತ್ತಿದೆ. ಬೆಳಗಿನಿಂದ ತಲೆಯೊಳಗೆ ತಿರುಗುತ್ತಿದ್ದ ಗಿರಣಿಯ ಸದ್ದು ಆ ಒಂದು ಸ್ವರಕ್ಕೆ ಬಾಗಿಲು ತೆರೆದು ಹೊರಗೆ ಹೋಯಿತು. ಅವತ್ತಿನಿಂದ ನನಗೆ ಪೇಟಿ ಬಿಟ್ಟರೆ ಊಟ ಸೇರದ ಹಾಗಾಯಿತು.

ಪೇಟಿ ಸೇರಿತು ಎಂದರೆ ನುಡಿಸಲು ಬಂತು ಎಂದು ಅರ್ಥವಲ್ಲ. ಅಡಿವೆಪ್ಪನಿಗೆ ಎರಡು ಗಿರಣಿ, ಒಂದು ಹಿಟ್ಟಿನದು, ಇನ್ನೊಂದು ಪೇಟಿಯದು ಎಂದು ಓಣಿಯವರು ನಗುತ್ತಿದ್ದರು. ಆದರೂ ಧೈರ್ಯ ಮಾಡಿ ಸಾಕ್ಷಿಗಳನ್ನು ಕರೆಸಿದೆ. ಮೊದಲ ವರ್ಷ ನಮ್ಮ ನಾಯಿ ಕಾಳ್ಯಾ ಎರಡನೇ ಸ್ವರಕ್ಕೇ ಎದ್ದು ಹೋಗಿ, ಬೀದಿಯ ನಡುವೆ ಮನೆಗೆ ಬೆನ್ನು ಮಾಡಿಕೊಂಡು ಕೂತಿತು. ಹಿಟ್ಟಿಗೆ ಬಂದವರೆಲ್ಲ ಅದನ್ನು ನೋಡಿಕೊಂಡೇ ಒಳಗೆ ಬಂದರು. ಎರಡನೇ ವರ್ಷ ಆಡು ತಂದು ಕಟ್ಟಿದೆ. ಅದು ಅರ್ಧದವರೆಗೆ ಕೂತಿತ್ತು, ನನಗೂ ಆಸೆ ಹುಟ್ಟಿತ್ತು. ಆಮೇಲೆ ಎದ್ದು ಬಂದು ಪೇಟಿಯ ಮುಸುಕಿನ ಬಟ್ಟೆಯನ್ನು ತಿನ್ನತೊಡಗಿತು.

“ನಾಯಿ ಆತು, ಆಡು ಆತು. ಇನ್ನ ಹಲ್ಲಿ ಒಂದು ಉಳದೈತಿ ನೋಡ್ರಿ,” ಎಂದಳು ಇಂದ್ರವ್ವ, ನನ್ನ ಹೆಂಡತಿ. ಮಾತು ಚುಚ್ಚಿದರೂ ಅವತ್ತು ರಾತ್ರಿ ಅಡುಗೆಗೆ ಹೋಳಿಗೆ ಮಾಡಿದ್ದಳು.

ಮೂರನೆಯ ವರ್ಷ ತವುಡಿನ ಚೀಲದ ಹಿಂದೆ ಒಂದು ಬೆಕ್ಕಿನ ಮರಿ ಸಿಕ್ಕಿತು. ಹಿಟ್ಟು ಮೆತ್ತಿಕೊಂಡಿದೆ ಎಂದು ಇಂದ್ರವ್ವ ಒದ್ದೆ ಬಟ್ಟೆಯಿಂದ ಒರೆಸಿಯೇ ಒರೆಸಿದಳು. ಹಿಟ್ಟು ಹೋಗಲಿಲ್ಲ, ಏಕೆಂದರೆ ಮರಿಯ ಬಣ್ಣವೇ ಅದು. ಹಿಟ್ಟವ್ವ ಎಂದು ಹೆಸರಾಯಿತು. ಗಿರಣಿಯ ಮನೆಯಲ್ಲಿ ಯಾರೂ ಯಾರನ್ನೂ ಕೂಗುವುದಿಲ್ಲ, ಕೂಗಿದರೆ ಕೇಳುವುದೂ ಇಲ್ಲ. ನಾನೂ ಇಂದ್ರವ್ವನೂ ಮೂವತ್ತು ವರ್ಷ ಸಂಸಾರ ಮಾಡಿದ್ದು ಅರ್ಧ ಕೈಸನ್ನೆಯಲ್ಲಿ. ಅಂಗೈ ಮಗುಚಿದರೆ ನಿಲ್ಲಿಸು ಎಂದು, ಬೆರಳು ಸುತ್ತಿದರೆ ನಡೆಯಲಿ ಎಂದು. ಹಿಟ್ಟವ್ವನನ್ನೂ ಹಾಗೆಯೇ ಸಾಕಿದೆವು. ಹಾಲಿಗೆ ಕರೆಯಬೇಕಾದರೆ ನೆಲಕ್ಕೆ ಕಾಲು ಬಡಿಯುವುದು, ಬೇಡವೆಂದರೆ ಕೈ ಬೀಸುವುದು. ಬೆಕ್ಕು ಬಹಳ ಜಾಣ ಎಂದು ಬಂದವರೆಲ್ಲ ಹೊಗಳುತ್ತಿದ್ದರು.

ಸಾಕ್ಷಿಗೆ ಬಂದವರು ಎಂದಿನಂತೆ ಅನಸೂಯಾಬಾಯಿ ಮತ್ತು ಹುಸೇನ್‌ಸಾಬ. ಬಾಯಿಯವರು ನಮ್ಮ ಊರಿನ ದೊಡ್ಡ ಹಾಡುಗಾರ್ತಿ. ಗುರುವಾರ ಗುರುವಾರ ಬೆಳಿಗ್ಗೆ ಚಾವಡಿಯಲ್ಲಿ ಅವರ ಹಾಡು ಇಲ್ಲದಿದ್ದರೆ ಊರಿಗೆ ವಾರ ಕಳೆಯುವುದಿಲ್ಲ. ಹುಸೇನ್‌ಸಾಬರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು, ಸುಳ್ಳು ಎಂದರೆ ಹಾವು ತುಳಿದವರಂತೆ ಆಡುವವರು. ಇಬ್ಬರೂ ಗೋಡೆಗೆ ಒರಗಿದರು. ನಾನು ಪೇಟಿ ಎಳೆದುಕೊಂಡು ಕೂತೆ. ಹಿಟ್ಟವ್ವ ತಾನಾಗಿ ಬಂದು ಪೇಟಿಯ ಪಕ್ಕದ ಹಲಗೆಗೆ ಎದೆ ಆನಿಸಿ ಕೂತಳು. ನಾನು ಭೈರವಿ ಸುರು ಮಾಡಿದೆ, ಅಂದರೆ ಅದು ಭೈರವಿ ಎಂದು ನನಗೆ ಗೊತ್ತಿತ್ತು. ನಡುವೆ ಹೊರಗೆ ಯಾರದೋ ಸೈಕಲ್ಲಿನ ಟ್ಯೂಬು ಢಮ್ಮೆಂದು ಒಡೆಯಿತು. ಹುಸೇನ್‌ಸಾಬರು ಬೆಚ್ಚಿ ತಿರುಗಿದರು, ಇಂದ್ರವ್ವ ಎದೆ ಹಿಡಿದುಕೊಂಡಳು, ನನ್ನ ಬೆರಳು ಎರಡು ಮನೆ ಆಚೆ ಬಿತ್ತು. ಹಿಟ್ಟವ್ವ ಅಲುಗಲಿಲ್ಲ. ಬಾಯಿಯವರೂ ಅಲುಗಲಿಲ್ಲ, ಬೆಕ್ಕನ್ನೇ ನೋಡುತ್ತಿದ್ದರು.

ಮುಗಿದ ಮೇಲೆ ಅವರು ಎದ್ದು ಬಂದು, ಬೆಕ್ಕಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಪೇಟಿಯ ಮೇಲೆ ಅಂಗೈ ಊರಿದರು. ಅದನ್ನೇ ಮತ್ತೊಮ್ಮೆ ನುಡಿಸು ಎಂದರು. ಏನೋ ಸಂಶಯ ಬಂದಿದೆ ಎಂದುಕೊಂಡೆ. ಮತ್ತೊಮ್ಮೆ ನುಡಿಸಿದೆ. ಅವರು ಬಹಳ ಹೊತ್ತು ಹಾಗೆಯೇ ಇದ್ದು, ಎದ್ದು ಹೊಸ್ತಿಲಿಗೆ ಹೋಗಿ, ನನ್ನ ಜನ್ಮದಲ್ಲಿ ಕೇಳುತ್ತೇನೆಂದು ನಾನು ಅಂದುಕೊಂಡಿರದ ಆ ಮಾತನ್ನು ಹೇಳಿದರು. ಢಮ್ ಎಂದರೂ ಅಲುಗದೆ ಕೂತ ಬೆಕ್ಕು ಎಂದು ಊರೆಲ್ಲ ಹೊಗಳಿದ್ದೇ ಹೊಗಳಿದ್ದು. ಅದು ಬೆಕ್ಕಲ್ಲ, ತಪಸ್ಸಿಗೆ ಕೂತದ್ದು ಎಂದವರೂ ಇದ್ದರು.

ಅದಕ್ಕಿಂತ ದೊಡ್ಡ ಆಶ್ಚರ್ಯ ಮುಂದಿನ ಗುರುವಾರ ಆಯಿತು. ಬಾಯಿಯವರು ತಮ್ಮ ಇಷ್ಟು ವರ್ಷದ ಪೇಟಿಯವರಾದ ಶ್ಯಾಮರಾಯರನ್ನು ಬಿಟ್ಟು, ಜೊತೆಗೆ ನುಡಿಸಲು ನನ್ನನ್ನು ಕರೆಸಿದರು. ಶ್ಯಾಮರಾಯರ ಬೆರಳು ಬಿದ್ದಲ್ಲಿ ಬಂಗಾರ, ನನ್ನದು ಬಿದ್ದಲ್ಲಿ ತವುಡು. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಾಯಿಯವರ ಗತ್ತು ಅಂಥದ್ದು, ಹಿಂದಿನಿಂದ ಕರೆದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಹಾಡುವಾಗ ಅವರ ಎಡಗೈ ಸದಾ ನನ್ನ ಪೇಟಿಯ ಮೇಲೆ ಇರುತ್ತಿತ್ತು. ನಾನು ಎಲ್ಲಿ ತಪ್ಪುತ್ತೇನೆ ಎಂದು ಹಿಡಿಯಲು ಇಟ್ಟ ಕೈ ಅದು ಎಂದು ತಿಳಿದು, ಆ ಐದು ಬೆರಳಿಗೆ ಹೆದರಿ ಹೆದರಿ ನಾನು ಹಗಲೆಲ್ಲ ಸಾಧನೆ ಮಾಡಿದೆ. ಜೋಳ ಹಾಕಿ ಕಲ್ಲು ತಿರುಗಲು ಬಿಟ್ಟು ತೊಡೆಯ ಮೇಲೆ ಬೆರಳು ಆಡಿಸುತ್ತಿದ್ದೆ. ಉಳಿದವರದು ಕೈ ಕೂತ ಮೇಲೆ ಪ್ರಾಣಿ ಕೂರುತ್ತದೆ. ನನ್ನದು ಬೆಕ್ಕು ಕೂತ ಮೇಲೆ ಕೈ ಕೂತಿತು.

ಹೀಗೆ ಹನ್ನೊಂದು ವರ್ಷ. ಹಿಟ್ಟಿನವ ಎಂದು ಕರೆಯುತ್ತಿದ್ದವರು ಪೇಟಿ ಅಡಿವೆಪ್ಪ ಎನ್ನತೊಡಗಿದರು. ತೊಟ್ಟಿಲಿಗೆ ಹಾಕುವ ಮನೆಗೆ ಕರೆದರು, ಹಾಸಿಗೆ ಹಿಡಿದವರ ಮನೆಗೆ ಕರೆದರು. ಎಲ್ಲಿಗೆ ಹೋದರೂ ಹಿಟ್ಟವ್ವ ಹೆಗಲ ಮೇಲಿನ ಪೇಟಿಯ ಜೊತೆ ಬರುತ್ತಿದ್ದಳು, ಹಲಗೆಗೆ ಎದೆ ಆನಿಸಿ ಕೂರುತ್ತಿದ್ದಳು. ಗುರುವಾರ ಬೆಳಿಗ್ಗೆ ಬಾಯಿಯವರ ಸ್ವರದ ಹಿಂದೆ ನನ್ನ ಸ್ವರ ಹೋಗುವಾಗ ಇಷ್ಟು ಸುಖ ನನ್ನಂಥವನಿಗೆ ಏಕೆ ಸಿಕ್ಕಿತು ಎಂದು ಕಣ್ಣು ತುಂಬುತ್ತಿತ್ತು. ಬೆಕ್ಕಿನ ತಲೆ ಸವರಿ ನಿನ್ನಿಂದ ನೋಡವ್ವ ಎನ್ನುತ್ತಿದ್ದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಹೋದ ವರ್ಷ ಗಿರಣಿಯ ಕಲ್ಲು ಸವೆದು, ಅದಕ್ಕೆ ಉಳಿ ಹೊಡೆಸಲು ನಾಲ್ಕು ದಿನ ಗಿರಣಿ ನಿಲ್ಲಿಸಬೇಕಾಯಿತು. ನಮ್ಮ ಮನೆಯಲ್ಲಿ ಹಗಲು ಹೊತ್ತು ಅಷ್ಟು ನಿಶ್ಶಬ್ದವನ್ನು ನಾವು ಕಂಡೇ ಇರಲಿಲ್ಲ. ಇಂದ್ರವ್ವ ಅಟ್ಟದ ಮೇಲಿನಿಂದ ಇಳಿಸುತ್ತಿದ್ದ ಹಿಟ್ಟು ನಾದುವ ಹಿತ್ತಾಳೆಯ ಪರಾತ ಕೈಜಾರಿ, ಜೋಳದ ಚೀಲದ ಮೇಲೆ ಮಲಗಿದ್ದ ಹಿಟ್ಟವ್ವನ ಹಿಂದೆಯೇ ಕಲ್ಲಿನ ಫರಸಿಯ ಮೇಲೆ ಬಿತ್ತು. ಪಕ್ಕದ ಮನೆಯವರು ಏನಾಯಿತು ಎಂದು ಓಡಿ ಬಂದರು. ಹಿಟ್ಟವ್ವ ಕಣ್ಣು ಕೂಡ ತೆರೆಯಲಿಲ್ಲ. ಪಕ್ಕದವರು ಹೋದ ಮೇಲೆ ಇಂದ್ರವ್ವ ಬೆಕ್ಕಿನ ಹಿಂದೆ ಕೂತು ಚಪ್ಪಾಳೆ ತಟ್ಟಿದಳು, ಚಮಚದಿಂದ ತಾಟು ಬಡಿದಳು, ಕೊನೆಗೆ ಪರಾತವನ್ನೇ ಬಾರಿಸಿದಳು.

“ಇದಕ್ಕ ಕಿವಿ ಕೇಳ್ಸೂದಿಲ್ರೀ,” ಎಂದಳು. “ಹುಟ್ಟಿದಾಗಿಂದ ಕೇಳ್ಸಿಲ್ಲ ಕಾಣ್ತೈತಿ.”

ನಾನು ಹನ್ನೊಂದು ವರ್ಷ ನುಡಿಸಿದ್ದು ಒಂದು ಕಿವುಡು ಬೆಕ್ಕಿನ ಸಾಕ್ಷಿಯ ಮೇಲೆ. ಅದೂ ಸುಳ್ಳು ಸಾಕ್ಷಿಯೇ. ಹಗ್ಗ ಬಿಗಿದು ಅಟ್ಟಕ್ಕೆ ಹಾಕಿದರೆ ಮೂರು ವರ್ಷ. ನನಗೆ ಆಗ ಐವತ್ತೆಂಟು, ಅರವತ್ತೊಂದಕ್ಕೆ ಹೊಸ ಪ್ರಾಣಿ ತಂದು ಮತ್ತೆ ಮೊದಲಿನಿಂದ ಕೂರಬಹುದು. ಆದರೆ ಬಾಯಿಯವರಿಗೆ ಎಪ್ಪತ್ತೊಂಬತ್ತು. ಬೇರೆ ಯಾವ ಪೇಟಿಗೂ ಹಾಡುವುದಿಲ್ಲ ಎಂದು ಅವರು ಹೇಳಿ ಎಷ್ಟೋ ಕಾಲವಾಗಿತ್ತು. ನನ್ನ ಪೇಟಿ ಅಟ್ಟ ಹತ್ತಿದರೆ ಅವರ ಹಾಡೂ ಹತ್ತಿದಂತೆಯೇ.

ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಬಾಯಿ ಮುಚ್ಚಿಕೊಂಡಿದ್ದರೆ ನಡೆದುಹೋಗುತ್ತಿತ್ತು, ಎರಡು ದಿನ ಮುಚ್ಚಿಕೊಂಡೂ ಇದ್ದೆ. ಮೂರನೆಯ ದಿನ ಶಾಲೆಯ ನೀಲಾಂಬಿಕಾ ಟೀಚರ್ ಗಿರಣಿ ಸುರುವಾಯಿತೇ ಎಂದು ಕೇಳಲು ಬಂದರು. ಕೊಳಲು ನುಡಿಸುವವರು, ಮೂರು ವರ್ಷದಿಂದ ಅವರ ಮೊಲ ನಡುವೆ ಎದ್ದು ಅವರ ಬೆನ್ನ ಹಿಂದೆ ಸೀರೆಯ ಸೆರಗಿನಲ್ಲಿ ಅಡಗುತ್ತಿತ್ತು. ಹೆದರಿತು ಎಂದು ಸಾಕ್ಷಿಗಳು ಎದ್ದು ಹೋಗುತ್ತಿದ್ದರು. ಟೀಚರ್ ಹಿಟ್ಟವ್ವನ ಮುಂದೆ ಬಗ್ಗಿ, ನಿನ್ನಂಥವಳು ನನಗೂ ಒಬ್ಬಳು ಸಿಗಬಾರದೇ ಎಂದು ಅದರ ಗದ್ದ ಸವರಿದರು. ಅವರ ದನಿಯಲ್ಲಿ ಹೊಟ್ಟೆಕಿಚ್ಚು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ಅವರು ಆಚೆ ಹೋದ ಕೂಡಲೇ ನಾನು ಚಪ್ಪಲಿ ಮೆಟ್ಟಿದೆ.

ಬಾಯಿಯವರು ಹಿತ್ತಲಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು, ಬೆನ್ನು ನನ್ನ ಕಡೆಗಿತ್ತು. ಮುಖ ನೋಡಿಕೊಂಡು ಹೇಳುವ ಶಕ್ತಿ ನನಗಿರಲಿಲ್ಲ, ಬೆನ್ನೇ ವಾಸಿ ಎನಿಸಿತು. ಪರಾತ ಬಿದ್ದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಗೊತ್ತಿದ್ದು ಮಾಡಿದ್ದಲ್ಲ ಎಂದೆ, ಆದರೂ ಸುಳ್ಳು ಸುಳ್ಳೇ ಎಂದೆ, ಹನ್ನೊಂದು ವರ್ಷ ನಿಮ್ಮ ಹಾಡಿನ ಹಿಂದೆ ನಡೆದದ್ದೇ ನನ್ನ ಬದುಕು ಎಂದೆ. ಹೇಳುತ್ತಾ ಅತ್ತೆ. ಅವರು ತಂಬಿಗೆಯ ನೀರು ಮುಗಿಯುವ ತನಕ ಹನಿಸಿ, ಒಣ ಎಲೆ ಎರಡು ಕಿತ್ತು, ತಿರುಗಿ ನನ್ನನ್ನು ನೋಡಿದರು.

“ಯಾವಾಗ ಬಂದಿ?” ಎಂದರು. “ಚಹಾ ಕುಡದು ಹೋಗು.”

ಚಹಾ ಕುಡಿದು ಬಂದೆ. ಅದು ಅವರ ದೊಡ್ಡತನ ಎನಿಸಿತು. ಕೇಳಿಯೂ ಕೇಳದವರ ಹಾಗಿದ್ದು, ಇದನ್ನು ಇಲ್ಲಿಗೇ ಬಿಡು ಎಂದು ನನಗೆ ದಾರಿ ಕೊಟ್ಟಿದ್ದಾರೆ ಎಂದುಕೊಂಡೆ. ಇಂದ್ರವ್ವ ಒಪ್ಪಲಿಲ್ಲ. ಹೇಳುವುದು ಎಂದರೆ ಎದುರಿನವರು ಕೇಳಬೇಕು, ಅವರು ಕೇಳಿಲ್ಲ ಎಂದರೆ ನೀವು ಹೇಳಿಲ್ಲ ಎಂದಳು. ಅವಳ ಮಾತು ಎಷ್ಟು ನಿಜವೆಂದು ಅವಳಿಗೂ ಆಗ ಗೊತ್ತಿರಲಿಲ್ಲ.

ಆದ್ದರಿಂದ ಹುಸೇನ್‌ಸಾಬರ ಮನೆಗೆ ಹೋದೆ. ಅವರು ಕೇಳಿ ಮೊದಲು ತಮ್ಮನ್ನೇ ಬೈದುಕೊಂಡರು. ಜೀವಮಾನವಿಡೀ ದನಗಳ ಬಾಯಿಯೊಳಗೆ ಕೈ ಹಾಕಿ ನೋಡಿದವನು ಒಂದು ಬೆಕ್ಕಿನ ಕಿವಿ ನೋಡಲಿಲ್ಲವಲ್ಲ ಎಂದರು. ಬಾಯಿಯವರು ಹೊಸ್ತಿಲಲ್ಲಿ ಆ ಮಾತು ಹೇಳಿದಾಗ ಪಕ್ಕದಲ್ಲಿ ತಾವೂ ನಿಂತಿದ್ದದ್ದರಿಂದ ಆ ಸುಳ್ಳಿನಲ್ಲಿ ತಮ್ಮದೂ ಪಾಲು ಎಂದರು. ಕೊನೆಗೆ, ಹಗ್ಗ ಬಿಗಿಯುವ ಮೊದಲು ಅದೇ ಬೆಕ್ಕಿನ ಮುಂದೆ ಮತ್ತೊಮ್ಮೆ ಕೂತು ನೋಡೋಣ, ಗುರುವಾರ ಬೆಳಿಗ್ಗೆ, ನಾನೇ ಬಾಯಿಯವರಿಗೆ ಹೇಳುತ್ತೇನೆ ಎಂದರು.

ಗುರುವಾರ ಚಾವಡಿಗೆ ಹೋಗಬೇಕಾದ ಊರೆಲ್ಲ ಗಿರಣಿಯ ಮುಂದೆ ನಿಂತಿತ್ತು. ನೀಲಾಂಬಿಕಾ ಟೀಚರ್ ಕಿಟಕಿಯ ಹತ್ತಿರ ಇದ್ದರು, ನಾನು ಆ ಕಡೆ ನೋಡಲಿಲ್ಲ. ಬಾಯಿಯವರು ಬಂದು ಯಾರಿಗೂ ಏನೂ ಹೇಳದೆ ಗೋಡೆಗೆ ಒರಗಿದರು. ಹುಸೇನ್‌ಸಾಬರು ಹಿಟ್ಟವ್ವನನ್ನು ಎತ್ತಿ, ಪೇಟಿಯಿಂದ ದೂರ, ಎದುರು ಗೋಡೆಯ ಬುಡದಲ್ಲಿ ಗೋಣಿಚೀಲದ ಮೇಲೆ ಕೂರಿಸಿದರು. ಮೈಗೆ ಏನೂ ತಾಗಬಾರದು, ಕಿವಿಯೊಂದೇ ಇರಬೇಕು ಎಂದರು. ನಾನು ಹನ್ನೊಂದು ವರ್ಷದ ಹಿಂದೆ ನುಡಿಸಿದ ಭೈರವಿಯನ್ನೇ ಎತ್ತಿಕೊಂಡೆ. ಈ ಸಲ ಅದು ಭೈರವಿ ಎಂದು ಬೀದಿಗೂ ಗೊತ್ತಾಗುತ್ತಿತ್ತು.

ಹಿಟ್ಟವ್ವ ಕಾಲು ನೆಕ್ಕಿಕೊಂಡಳು. ಬಾಗಿಲ ಕಡೆ ನೋಡಿದಳು. ಬೀದಿಯಲ್ಲಿದ್ದ ನಾಯಿಯೊಂದನ್ನು ನೋಡಿದಳು. ಆಮೇಲೆ ತಿರುಗಿ ನನ್ನ ಕೈ ಪೇಟಿಯ ಮೇಲೆ ಆಡುತ್ತಿರುವುದನ್ನು ನೋಡಿದಳು, ಮತ್ತು ಎದ್ದಳು.

ಎದ್ದಿತು ಎಂದು ಯಾರೋ ಹೊರಗೆ ಮೆಲ್ಲಗೆ ಅಂದರು. ಹುಸೇನ್‌ಸಾಬರು ತಲೆ ತಗ್ಗಿಸಿದರು. ನನ್ನ ಕೈ ನಿಲ್ಲುವುದರಲ್ಲಿತ್ತು. ಅಷ್ಟರಲ್ಲಿ ಅಡುಗೆಯ ಖೋಲಿಯ ಬಾಗಿಲಲ್ಲಿ ನಿಂತಿದ್ದ ಇಂದ್ರವ್ವ ಬೆರಳು ಸುತ್ತಿ ತೋರಿಸಿದಳು, ನಡೆಯಲಿ ಎಂದು. ನಾನು ನಡೆಸಿದೆ. ಹಿಟ್ಟವ್ವನಿಗೂ ವಯಸ್ಸಾಗಿತ್ತು. ಒಂದೊಂದೇ ಹೆಜ್ಜೆ ಇಡುತ್ತಾ ಫರಸಿಯನ್ನು ದಾಟಿ ಬಂದು, ಹಲಗೆಗೆ ಎದೆ ಆನಿಸಿ, ಎಂದಿನ ಜಾಗದಲ್ಲಿ ಕೂತಳು. ಮುಗಿಯುವ ತನಕ ಕೂತೇ ಇದ್ದಳು.

ಹುಸೇನ್‌ಸಾಬರು ಬೆಕ್ಕು ದಾಟಿ ಬಂದ ನೆಲವನ್ನು ಒಮ್ಮೆ ನೋಡಿದರು. ಎದ್ದದ್ದು ಎದ್ದಂತೆ, ಎದ್ದು ಎಲ್ಲಿಗೆ ಹೋಯಿತು ಎಂಬುದು ನಿಯಮದಲ್ಲಿ ಇಲ್ಲ ಎಂದರು. ಅದೂ ಅಲ್ಲದೆ ಅದು ಕೇಳಿಯೇ ಇಲ್ಲ, ಕೇಳಿ ಕೂತಿತು ಎಂದು ನಾನು ಯಾವ ಬಾಯಿಂದ ಹೇಳಲಿ ಎಂದರು. ಹೇಳುವಾಗ ಅವರು ಗೆದ್ದವರ ಹಾಗೆ ಕಾಣಲಿಲ್ಲ. ಇಂದ್ರವ್ವ ಹಗ್ಗ ತರಲು ಒಳಗೆ ಹೋದಳು.

ಆಗ ಬಾಯಿಯವರು ಗೋಡೆ ಬಿಟ್ಟು ಎದ್ದರು. ಬಂದು ಹಿಟ್ಟವ್ವನ ಪಕ್ಕದಲ್ಲಿ ಕೂತು, ಪೇಟಿಯ ಮೇಲೆ ಕೈ ಇಟ್ಟು, ಹುಸೇನ್‌ಸಾಬರ ಮುಖ ನೋಡಿದರು.

“ಹುಸೇನ್, ನನ್ನ ಬೆನ್ನ ಹಿಂದ ಹೋಗಿ ನನ್ನ ಹೆಸರು ಹಿಡದು ಕರಿ.”

ಅವರನ್ನು ಹೆಸರು ಹಿಡಿದು ಕರೆದವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಹುಸೇನ್‌ಸಾಬರು ನಾಚಿಕೊಂಡು ಹಿಂದೆ ಹೋಗಿ ಮೆಲ್ಲಗೆ ಕರೆದರು. ಆಮೇಲೆ ಜೋರಾಗಿ ಕರೆದರು. ಮೂರನೆಯ ಸಲ ಕರೆದದ್ದು ಬೀದಿಯ ಆ ತುದಿಗೆ ಕೇಳಿರಬೇಕು. ಬಾಯಿಯವರು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು.

“ಕರದನೇನು?” ಎಂದು ನನ್ನನ್ನು ಕೇಳಿದರು. ನಾನು ತಲೆಯಾಡಿಸಿದೆ. ಇಂದ್ರವ್ವ ಹಗ್ಗ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು.

“ಒಂಬತ್ತು ವರ್ಷ ಆತು, ನನಗ ಏನೂ ಕೇಳ್ಸೂದಿಲ್ಲ, ತುಟಿ ನೋಡಿ ತಿಳಕೋತೀನಿ,” ಎಂದರು ಬಾಯಿಯವರು. “ಅದಕ್ಕೂ ಎರಡು ವರ್ಷ ಮೊದಲ ಬಹಳ ಕಡಿಮಿ ಆಗಿತ್ತು. ಹಾಡು ಬಿಟ್ಟಬಿಡಬೇಕು ಅಂತ ಮಾಡಿದ್ದೆ. ಅಷ್ಟರಾಗ ಈ ಮನೀಗೆ ಸಾಕ್ಷಿ ಅಂತ ಬಂದೆ. ನಡುವ ನೀವೆಲ್ಲಾ ಬೆಚ್ಚಿಬಿದ್ದು ಹೊರಗ ತಿರುಗಿದ್ರಿ. ಏನೋ ಸಪ್ಪಳ ಆಗಿರಬೇಕು. ನನಗ ಕೇಳ್ಸಲಿಲ್ಲ, ಈ ಬೆಕ್ಕಿಗೂ ಕೇಳ್ಸಲಿಲ್ಲ. ಇದೂ ನನ್ನಂಗ ಅಂತ ಗೊತ್ತಾತು. ಆದ್ರೂ ಎದಿ ಹಚ್ಚಿ ಕೂತಿತ್ತಲ್ಲ, ಯಾಕ ಅಂತ ನಾನೂ ಹೋಗಿ ಕೈ ಹಚ್ಚಿದೆ. ಸ್ವರ ಕೈಯಾಗ ಬಂತು.”

ಸ್ವಲ್ಪ ಹೊತ್ತು ಅವರು ಹಿಟ್ಟವ್ವನ ಬೆನ್ನು ಸವರಿದರು. ಶ್ಯಾಮರಾಯರು ಪಾಲಿಶ್ ಹೋಗುತ್ತದೆ ಎಂದು ಪೇಟಿಯ ಮೇಲೆ ಕೈ ಇಡಲು ಬಿಡುತ್ತಿರಲಿಲ್ಲವಂತೆ. ಬೇಡ ಎನ್ನುವ ಧೈರ್ಯ ಅಡಿವೆಪ್ಪನಿಗೆ ಇರಲಾರದು ಎಂದು ಅವರಿಗೆ ನನ್ನ ಮುಖ ನೋಡಿಯೇ ಗೊತ್ತಾಗಿತ್ತಂತೆ. ಇದನ್ನು ಅವರು ಹೇಳುವಾಗ ಒಂದಿಬ್ಬರು ನಕ್ಕರು, ನಾನೂ ನಕ್ಕೆ, ನಗುವಾಗಲೇ ನನ್ನ ಕೆನ್ನೆ ಒದ್ದೆಯಾಗಿತ್ತು.

“ಇಷ್ಟು ವರ್ಷ ನೀವು ಕೇಳಿದ್ದು ಈ ಬೆಕ್ಕು ಕಲಿಸಿದ ಹಾಡು,” ಎಂದರು ಕೊನೆಗೆ. “ಗೊತ್ತಿದ್ದೂ ಸುಳ್ಳು ಸಾಕ್ಷಿ ಹೇಳಿದಾಕಿ ನಾನು. ಪೇಟಿಗೆ ಹಗ್ಗ ಕಟ್ಟೂದಿದ್ರ ನನ್ನ ಬಾಯಿಗೂ ಕಟ್ಟು, ಹುಸೇನ್.”

ಹುಸೇನ್‌ಸಾಬರು ಅವರ ಎದುರಿಗೆ ಬಂದು ನಿಂತರು. ಬಗ್ಗಿ ಹಿಟ್ಟವ್ವನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು, ಹನ್ನೊಂದು ವರ್ಷ ತಡವಾಗಿ, ಒಳಗೆ ನೋಡಿದರು. ಆಮೇಲೆ ಹೊಸ್ತಿಲಿಗೆ ಹೋಗಿ ನಿಂತರು.

“ಈ ಮನೆಯದು,” ಎಂದು ಸುರು ಮಾಡಿ ನಿಲ್ಲಿಸಿದರು. ಸುಳ್ಳು ಅವರ ಬಾಯಿಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ನಾನು ಕಣ್ಣು ಮುಚ್ಚಿದೆ. “ಈ ಮನೆಯದು ಕೇಳದೆ ಕೂತಿತು.”

ಅಂಥ ಮಾತನ್ನು ನಮ್ಮ ಊರು ಎಂದೂ ಕೇಳಿರಲಿಲ್ಲ. ಕೂತಿತು ಎಂದದ್ದಕ್ಕೆ ಸಂತೋಷಪಡಬೇಕೋ, ಕೇಳದೆ ಎಂದದ್ದಕ್ಕೆ ಮರುಗಬೇಕೋ ಎಂದು ಜನರಿಗೆ ಗೊತ್ತಾಗಲಿಲ್ಲ. ಇಂದ್ರವ್ವ ಹಗ್ಗವನ್ನು ಮೂಲೆಗೆ ಎಸೆದಳು.

“ಹೌದ್ರೀ,” ಎಂದಳು. “ಏನೂ ಕೇಳದನ ಕೂತಿತು. ನೀ ಛಲೋ ನುಡಸ್ತಿ ಏನು, ನಿನಗ ಬರ್ತೈತೇನು, ಒಂದೂ ಕೇಳಲಿಲ್ಲ. ಹನ್ನೊಂದು ವರ್ಷ ಹಂಗ ಕೂತಿತು.”

ಮೊದಲು ನೀಲಾಂಬಿಕಾ ಟೀಚರ್ ಕಣ್ಣು ಒರೆಸಿಕೊಂಡರು, ಆಮೇಲೆ ಯಾರು ಯಾರು ಎಂದು ನಾನು ನೋಡಲಿಲ್ಲ. ಬಾಯಿಯವರಿಗೆ ಮಾತ್ರ ಹೊಸ್ತಿಲಲ್ಲಿ ಏನು ಹೇಳಿದರು ಎಂಬುದು ತಿಳಿದಿರಲಿಲ್ಲ, ಹುಸೇನ್‌ಸಾಬರ ಬೆನ್ನು ಅವರ ಕಡೆಗಿತ್ತು. ಅವನು ಏನಂದ ಎಂದು ನನ್ನನ್ನು ಕೇಳಿದರು. ಅವರ ಅಂಗೈ ಪೇಟಿಯ ಮೇಲೆಯೇ ಇತ್ತು. ಉತ್ತರವಾಗಿ ನಾನು ಅವರು ಹಾಡುವ ಷಡ್ಜವನ್ನು ಒತ್ತಿ ಹಿಡಿದೆ. ಬಾಯಿಯವರು ಸ್ವಲ್ಪ ಹೊತ್ತು ತಮ್ಮ ಕೈಯನ್ನೇ ನೋಡಿದರು, ಆತು ಎಂದರು, ಮತ್ತು ಚಾವಡಿಗೆ ಹೋಗುವುದನ್ನೂ ಮರೆತು ಅಲ್ಲೇ, ಜೋಳದ ಚೀಲಗಳ ನಡುವೆ, ಹಾಡಲು ಸುರು ಮಾಡಿದರು.

ಈಗ ಸಾಕ್ಷಿಗಳು ಪ್ರಾಣಿ ಎದ್ದ ಕೂಡಲೇ ಚಪ್ಪಲಿ ಮೆಟ್ಟುವುದಿಲ್ಲ, ಎದ್ದು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾರೆ. ಟೀಚರ ಮೊಲ ಈ ವರ್ಷವೂ ಎದ್ದು ಅವರ ಬೆನ್ನ ಹಿಂದೆಯೇ ಹೋಯಿತು. ಹುಸೇನ್‌ಸಾಬರು ಸೆರಗು ಸರಿಸಿ ನೋಡಿದರೆ, ಅವರ ಬೆನ್ನಿನಲ್ಲಿ ಉಸಿರು ಏಳುವ ಜಾಗಕ್ಕೆ ಮೈ ಹಚ್ಚಿ ಕಣ್ಣು ಮುಚ್ಚಿ ಕೂತಿತ್ತಂತೆ. ತುಳಸಿಯ ಹತ್ತಿರ ನಾನು ಅತ್ತು ಹೇಳಿದ್ದನ್ನು ಬಾಯಿಯವರಿಗೆ ಮತ್ತೆ ಎದುರಿಗೆ ಕೂತು ಹೇಳಿದೆ. ಅವರು ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು.

ಹನ್ನೊಂದು ವರ್ಷ ಆ ಕೈಗೆ ನಾನು ಹೆದರಿದ್ದೆ. ತಪ್ಪು ಹಿಡಿಯಲು ಇಟ್ಟ ಕೈ ಎಂದುಕೊಂಡಿದ್ದೆ. ಅದು ನನ್ನನ್ನು ಕೇಳುತ್ತಿದ್ದ ಕೈ. ಈಗ ಗುರುವಾರ ಬೆಳಿಗ್ಗೆ ಚಾವಡಿಯಲ್ಲಿ ಪೇಟಿ ಇಳಿಸಿದ ಮೇಲೆ, ಮೊದಲು ಹಿಟ್ಟವ್ವನಿಗೆ ಪಕ್ಕದಲ್ಲಿ ಜಾಗ ಬಿಡುತ್ತೇನೆ. ಆಮೇಲೆ ಪೇಟಿಯ ಮೇಲಿನ ಹಿಟ್ಟಿನ ಧೂಳನ್ನು ಪಂಚೆಯ ತುದಿಯಿಂದ ಒರೆಸಿ, ಆ ಕೈ ಬರುವುದನ್ನು ಕಾಯುತ್ತೇನೆ.